ಕೆಳಗಿನವನ ಊಟ

ಮೂರನೇ ಮಹಡಿಯಿಂದ ಒಂದು ಬೀರು ಇಳಿಸಬೇಕಾದರೆ ಇಬ್ಬರು ಬೇಕು. ಒಬ್ಬ ಮೇಲಿನ ತುದಿ ಹಿಡಿದು ಇಳಿಯುತ್ತಾನೆ, ಇನ್ನೊಬ್ಬ ಕೆಳಗಿನ ತುದಿಗೆ ಎದೆ ಕೊಟ್ಟು, ಹಿಮ್ಮುಖವಾಗಿ, ಕಾಲಲ್ಲೇ ಮೆಟ್ಟಿಲು ತಡಕುತ್ತಾ ಇಳಿಯುತ್ತಾನೆ. ನೋಡುವವರಿಗೆ ಇಬ್ಬರೂ ಸಮಸಮ ಹೊತ್ತಂತೆ ಕಾಣುತ್ತದೆ. ಹೊತ್ತವರನ್ನು ಕೇಳಿ ನೋಡಿ. ಮೆಟ್ಟಿಲ ಮೇಲೆ ಭಾರವೆಲ್ಲ ಕೆಳಗಿನವನದು. ಮೇಲಿನವನಿಗೆ ಹೆಚ್ಚಾಗಿ ಬಾಯಿ ಕೆಲಸ, 'ಎಡಕ್ಕೆ, ಸ್ವಲ್ಪ ಎಡಕ್ಕೆ, ಗೋಡೆ ಗೋಡೆ' ಅನ್ನುವುದು.

ಕಂಬಣ್ಣ ದುಡಿಯಲು ಶುರುಮಾಡಿದಾಗಿನಿಂದ ಕೆಳಗಿನವನೇ. ಮನೆ ಬದಲಾಯಿಸುವವರ ಸಾಮಾನು ಸಾಗಿಸುವ ಲಾರಿಯಲ್ಲಿ ಅವನ ಕೆಲಸ. ಹುಡುಗನಾಗಿದ್ದಾಗ ಫ್ರಿಜ್ಜಿನ ಕೆಳಗೆ ಅಲುಗಾಡದೆ ನಿಂತದ್ದನ್ನು ನೋಡಿ ಯಾರೋ 'ಕಂಬ' ಅಂದರು, ಅದೇ ನಿಂತಿತು. ಐವತ್ತು ದಾಟಿದ ಮೇಲೆ ಮರ್ಯಾದೆಗೆ ಒಂದು 'ಅಣ್ಣ' ಸೇರಿತು, ಅಷ್ಟೆ. ಅವನ ಜೊತೆ ಮೇಲಿನ ತುದಿ ಹಿಡಿಯುತ್ತಿದ್ದವನು ಬಾಮೈದ, ಹೆಂಡತಿಯ ತಮ್ಮ. ಮದುವೆಯಾಗದವನು, ಲಾರಿ ನಿಲ್ಲುವ ಶೆಡ್ಡಿನ ಹಿಂದಿನ ಕೋಣೆಯಲ್ಲಿ ಒಬ್ಬನೇ ಇರುವವನು, ಮೈಯೆಲ್ಲ ಮಾತು. ಕಂಬಣ್ಣನದು ಅದಕ್ಕೆ ತದ್ವಿರುದ್ಧ. ಅವನು ದಿನಕ್ಕೆ ಆಡುವ ಮಾತನ್ನು ಬಾಮೈದ ಒಂದು ಮಹಡಿ ಇಳಿಯುವುದರೊಳಗೆ ಆಡಿ ಮುಗಿಸುತ್ತಿದ್ದ.

ಈ ಕಸುಬಿನವರದು ಒಂದು ವಿಚಿತ್ರ ನಂಬಿಕೆ. ಹೊಟ್ಟೆಯಲ್ಲಿ ಊಟ ಇದ್ದರೆ ಬೆನ್ನು ಬಗ್ಗುವುದಿಲ್ಲ, ಉಸಿರು ಕಟ್ಟುತ್ತದೆ, ಹೊರುವವನಿಗೆ ಊಟವೇ ಒಂದು ಹೆಚ್ಚಿನ ಸಾಮಾನು ಅನ್ನುತ್ತಾರೆ. ಹಾಗಾಗಿ ಬೆಳಗಿನಿಂದ ಸಂಜೆಯವರೆಗೆ ಟೀ, ಬನ್ನು, ಮತ್ತೆ ಟೀ. ಖಾಲಿ ಮಾಡುವ ಮನೆಯವರು ಒಂದು ಸಲ ಕೊಡುತ್ತಾರೆ, ತುಂಬಿಸುವ ಮನೆಯವರು ಇನ್ನೊಂದು ಸಲ, ಜೊತೆಗೆ ಬಿಸ್ಕತ್ತು. ಸಕ್ಕರೆಯ ಬಲದಲ್ಲೇ ದಿನ ದೂಡಿ, ಮನೆಗೆ ಬಂದು ಬೆವರು ತೊಳೆದುಕೊಂಡು, ತಟ್ಟೆಯಲ್ಲಿ ಅನ್ನದ ಗುಡ್ಡ ಹಾಕಿಸಿಕೊಂಡು, ಬೇಯಿಸಿದ ಆಲೂಗಡ್ಡೆ, ಉಪ್ಪಿನಕಾಯಿ ನೆಂಚಿಕೊಂಡು ಉಂಡರೆ ಮುಗಿಯಿತು. ಉಂಡದ್ದು ಕೆಳಗಿಳಿಯುವ ಮೊದಲೇ ನಿದ್ದೆ. ಇದನ್ನು ಕಂಬಣ್ಣ 'ಚೆನ್ನಾಗಿ ಊಟ ಮಾಡೋದು' ಅಂತ ಕರೆಯುತ್ತಿದ್ದ. ಹೊಟ್ಟೆ ತುಂಬುತ್ತಿತ್ತು, ಆ ಮಟ್ಟಿಗೆ ಅವನು ಸುಳ್ಳು ಹೇಳುತ್ತಿರಲಿಲ್ಲ.

ಕಳೆದ ಒಂದೆರಡು ವರ್ಷದಿಂದ ಸಾಮಾನುಗಳ ಭಾರ ಹೆಚ್ಚಾಗಿದೆ ಅಂತ ಅವನಿಗೆ ಅನಿಸತೊಡಗಿತ್ತು. 'ಈಗಿನ ಮಂಚದಲ್ಲಿ ಏನು ತುಂಬ್ತಾರೋ' ಎಂದು ಗೊಣಗುತ್ತಿದ್ದ. ಮೊದಲು ಒಂದೇ ಉಸಿರಿಗೆ ಏರುತ್ತಿದ್ದ ಮೆಟ್ಟಿಲಲ್ಲಿ ಈಗ ತಿರುವಿನಲ್ಲಿ ನಿಂತು ಬಾಗಿಲ ಅಗಲ ಅಳೆಯುವವನ ನಟನೆ ಮಾಡುತ್ತಿದ್ದ. ಅಳೆಯುವುದೇನು ಬಂತು, ಬೆರಳು ಜಾರುತ್ತಿದ್ದವು. ತೋಳು ಸಣ್ಣಗಾಗಿ ಅಂಗಿಯ ತೋಳಿನೊಳಗೆ ಗಾಳಿಯಾಡುತ್ತಿತ್ತು. ಅದರ ಮೇಲೆ, ವಾಷಿಂಗ್ ಮಷೀನಿನ ಮೂಲೆ ತಗುಲಿ ಮೊಣಕಾಲ ಕೆಳಗೆ ಆದ ಗಾಯವೊಂದು ಮಾಯುವ ಹೆಸರೇ ಎತ್ತುತ್ತಿರಲಿಲ್ಲ. ಒಣಗಿದಂತೆ ಮಾಡಿ ಮತ್ತೆ ಬಾಯಿ ಬಿಡುತ್ತಿತ್ತು.

ಲಾರಿ ಯಜಮಾನ ಕುರುಡನಲ್ಲ. ಒಂದು ಬೆಳಿಗ್ಗೆ ಶೆಡ್ಡಿನಲ್ಲಿ ಕರೆದು ಕೂರಿಸಿಕೊಂಡು ಹೇಳಿದ: "ನೋಡಯ್ಯ ಕಂಬ, ಮಳೆಗಾಲ ಮುಗಿದ ಮೇಲೆ ಆ ವಕೀಲರ ಆಫೀಸು ಖಾಲಿ ಮಾಡೋದಿದೆ. ಮೂರನೇ ಮಹಡಿ, ಲಿಫ್ಟ್ ಇಲ್ಲ, ಎಲ್ಲ ಕಬ್ಬಿಣದ ಬೀರು. ಅದಕ್ಕೆ ಬೇರೆ ಲಾರಿಯಿಂದ ಒಬ್ಬ ಗಟ್ಟಿ ಆಳನ್ನ ಕರೆಸ್ತೀನಿ. ನೀನು ಒಳಗೆ ಕೂತು ಗಾಜು, ಪಿಂಗಾಣಿ ಸುತ್ತಿಕೊಡು. ಆಮೇಲೂ ಅದನ್ನೇ ಮಾಡ್ಕೊಂಡು ಹೋಗು. ವಯಸ್ಸಾಯ್ತಲ್ಲ, ಅದರಲ್ಲಿ ನಾಚಿಕೆ ಏನು ಬಂತು?"

ನಾಚಿಕೆ ಏನು ಬಂತು ಅಂತ ಯಜಮಾನನಿಗೇನು ಗೊತ್ತು? ಪಿಂಗಾಣಿ ಸುತ್ತುವುದು ಕೀಳು ಕೆಲಸವಲ್ಲ, ಅದಕ್ಕೂ ಕೈಯಲ್ಲಿ ಹದ ಬೇಕು. ಆದರೆ ಕಂಬಣ್ಣನ ಕೈ ಎಂಥದೆಂದರೆ ಟೀ ಲೋಟವೂ ಅದರಲ್ಲಿ ನೆಟ್ಟಗೆ ಉಳಿದದ್ದು ಕಡಿಮೆ. ಕೆಳಗಿನ ತುದಿ ಕೈಬಿಟ್ಟರೆ ತಾನು ಯಾರು ಅನ್ನುವುದೇ ಅವನಿಗೆ ತಿಳಿಯಲಿಲ್ಲ. ಅವನು ಹೆದರಿದ. ಇಷ್ಟು ವರ್ಷದಲ್ಲಿ ಮೊದಲ ಸಲ, ಭಾರವಿಲ್ಲದೆಯೇ ಹೆದರಿದ. "ಮಳೆಗಾಲ ಮುಗೀಲಿ ಯಜಮಾನ್ರೇ, ಆವತ್ತು ನೋಡೋಣ" ಎಂದು ಎದ್ದು ಬಂದ.

ಮನೆಗೆ ಬಂದು ಹೆಂಡತಿಗೆ ಏನೂ ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ, ಅವಳ ತಮ್ಮ ಆಗಲೇ ವರದಿ ಒಪ್ಪಿಸಿದ್ದ. ಅವಳು ಹೋಟೆಲೊಂದರ ಬಟ್ಟೆ ಒಗೆಯುವ ವಿಭಾಗದಲ್ಲಿ ಇಡೀ ದಿನ ಹಾಸಿಗೆ ಬಟ್ಟೆಗಳಿಗೆ ಇಸ್ತ್ರಿ ಹಾಕುವವಳು. ಸುಕ್ಕು ಕಂಡರೆ ಬಿಡುವ ಜಾತಿಯಲ್ಲ. ಮರುದಿನವೇ ರಜೆ ಹಾಕಿ ಗಂಡನನ್ನು ಆರೋಗ್ಯ ಕೇಂದ್ರಕ್ಕೆ ಎಳೆದುಕೊಂಡು ಹೋದಳು.

ಅಲ್ಲಿನ ಡಾಕ್ಟರು ಕಾಲು ನೋಡಿದರು, ರಕ್ತ ಪರೀಕ್ಷೆ ಮಾಡಿಸಿದರು. ಸಕ್ಕರೆ ಕಾಯಿಲೆ ಇಲ್ಲ, ರಕ್ತ ಸ್ವಲ್ಪ ಕಮ್ಮಿ, ಅಷ್ಟೆ ಎಂದು ಹೇಳಿ ಊಟದ ವಿಚಾರ ಮಾತಾಡಲು ನರ್ಸಮ್ಮನ ಹತ್ತಿರ ಕಳಿಸಿದರು. ನರ್ಸಮ್ಮ ಗಾಯ ತೊಳೆಯುತ್ತಲೇ ಕೇಳಿದರು.

"ಎಷ್ಟು ದಿನದ ಗಾಯ ಇದು?"

"ಮೊನ್ನೆ ಮೊನ್ನೆದು, ಸಿಸ್ಟರ್."

"ಮೊನ್ನೆ ಅಂದ್ರೆ ಇವರ ಲೆಕ್ಕದಲ್ಲಿ ಎರಡು ತಿಂಗಳು" ಅಂದಳು ಹೆಂಡತಿ.

"ಊಟ ಹೇಗೆ?"

"ಚೆನ್ನಾಗಿ ಮಾಡ್ತೀನಿ."

"ಅದು ಬೇಡ. ನಿನ್ನೆ ಎದ್ದಾಗಿಂದ ಮಲಗೋವರೆಗೆ ಬಾಯಿಗೆ ಏನೇನು ಹೋಯ್ತು, ಅದನ್ನ ಹೇಳಿ."

ಕಂಬಣ್ಣ ಹೇಳಿದ. ಟೀ, ಬನ್ನು, ಟೀ, ಬಿಸ್ಕತ್ತು, ಬನ್ನು, ಟೀ, ಅನ್ನ, ಆಲೂಗಡ್ಡೆ. ತಾನೇ ಹೇಳಿದ್ದು ತನಗೇ ಕೇಳಿಸಿದಾಗ ಅದು ಅಷ್ಟೇನೂ ಚೆನ್ನಾಗಿ ಕೇಳಿಸಲಿಲ್ಲ.

"ಅಣ್ಣಾ, ನೀವು ಲಾರಿಯವರು, ನಿಮಗೆ ಲಾರಿ ಮಾತಲ್ಲೇ ಹೇಳ್ತೀನಿ" ಅಂದರು ನರ್ಸಮ್ಮ. "ನೀವು ಬರೀ ಡೀಸೆಲ್ ಹಾಕ್ತಾ ಬಂದಿದ್ದೀರಿ. ಗಾಡಿ ಓಡುತ್ತೆ, ಇಲ್ಲ ಅನ್ನಲ್ಲ. ಸವೆದಿದ್ದನ್ನ ರಿಪೇರಿ ಮಾಡೋಕೆ ಸಾಮಾನು ಎಲ್ಲಿ? ದಿನಾ ಭಾರ ಹೊತ್ತು ಮೈ ಸವೀತಾ ಇದೆ. ಅದನ್ನ ಕಟ್ಟೋದು ಪ್ರೋಟೀನು. ತಟ್ಟೇಲಿ ಸಿಗದಿದ್ದರೆ ಮೈ ಅದನ್ನ ತೋಳಿಂದಲೇ ಕಿತ್ಕೊಳ್ಳುತ್ತೆ. ಗಾಯ ಮಾಯೋದು ಆಮೇಲಿನ ಮಾತು."

"ಅಂದ್ರೆ ಆ ಡಬ್ಬದ ಪುಡಿ ತಗೋಬೇಕಾ?" ಲಾರಿ ಡ್ರೈವರ್ ಅಂಥದೊಂದು ಡಬ್ಬದ ಗುಣಗಾನ ಮಾಡುತ್ತಿದ್ದುದು ಕಂಬಣ್ಣನಿಗೆ ನೆನಪಿತ್ತು.

"ಯಾಕೆ? ಮೊಟ್ಟೆ ಇಲ್ವಾ, ಹಾಲು ಮೊಸರು ಇಲ್ವಾ, ಮೀನು ಇಲ್ವಾ? ಅದೂ ಬೇಡ ಅಂದ್ರೆ ಕಾಳು, ಬೇಳೆ, ಕಡಲೆಕಾಯಿ. ಅನ್ನ ಬಿಡಿ ಅಂತ ನಾನು ಹೇಳಲ್ಲ, ಅನ್ನದ ಜೊತೆ ಕಾಳು ಇರಲಿ. ಒಂದರಲ್ಲಿ ಇಲ್ಲದ್ದು ಇನ್ನೊಂದರಲ್ಲಿ ಇರುತ್ತೆ. ಜೊತೆಗೆ ಒಂದಿಷ್ಟು ಸೊಪ್ಪು, ಒಂದು ಹಣ್ಣು, ಹುಳಿ ಇರೋದಾದ್ರೆ ಇನ್ನೂ ಒಳ್ಳೇದು. ಎಲ್ಲಾನೂ ರಾತ್ರಿಗೇ ಸುರ್ಕೋಬೇಡಿ, ಮೂರು ಹೊತ್ತಿಗೂ ಹಂಚಿ ತಿನ್ನಿ. ಟೀ ಊಟದ ಜೊತೆಗೇ ಕುಡೀಬೇಡಿ, ಸ್ವಲ್ಪ ಬಿಟ್ಟು ಕುಡೀರಿ."

ಕಂಬಣ್ಣನಿಗೆ ಇದೆಲ್ಲ ಸಪ್ಪೆ ಅನಿಸಿತು. ಇಂಜೆಕ್ಷನ್ನು, ಬಣ್ಣದ ಮಾತ್ರೆ, ಏನಾದರೂ ಗಟ್ಟಿಯಾದದ್ದು ಸಿಗುತ್ತದೆ ಅಂತ ಬಂದಿದ್ದ. ಕಾಳು ತಿನ್ನು ಅಂತ ಹೇಳಿಸಿಕೊಳ್ಳಲು ಅಷ್ಟು ಹೊತ್ತು ಸಾಲಿನಲ್ಲಿ ಕೂರಬೇಕಿತ್ತೇ? ದಾರಿಯುದ್ದಕ್ಕೂ ಮುಖ ಗಂಟುಹಾಕಿಕೊಂಡೇ ನಡೆದ.

ಹೆಂಡತಿ ಬಸ್ ನಿಲ್ದಾಣದ ಬೆಂಚಿನ ಮೇಲೆ ಕೂತು ಹೇಳಿದಳು: "ಅಮ್ಮ ಇದ್ದಾಗ ನಿಮಗೆ ಇದ್ಯಾವುದೂ ಆಗಿರಲಿಲ್ಲ ರೀ."

ಅವಳ ಅಮ್ಮ, ಅಂದರೆ ಕಂಬಣ್ಣನ ಅತ್ತೆ, ಅವರ ಜೊತೆಯಲ್ಲೇ ಇದ್ದು ಎರಡು ವರ್ಷದ ಹಿಂದೆ ತೀರಿಕೊಂಡವರು. ಅತ್ತೆ ಅಳಿಯ ಇಬ್ಬರಿಗೂ ಒಂದು ದಿನವೂ ಸರಿಬಂದದ್ದಿಲ್ಲ. ಜಗಳದ ಮೂಲ ಒಂದೇ ಒಂದು ಪಾತ್ರೆ. ಮುದುಕಿ ಪ್ರತಿದಿನ ಯಾವುದಾದರೊಂದು ಕಾಳು ನೆನೆಹಾಕಿ, ಮಧ್ಯಾಹ್ನವೆಲ್ಲ ಸಣ್ಣ ಉರಿಯಲ್ಲಿ ಬೇಯಿಸಿ, ಅದಕ್ಕಿಷ್ಟು ಸೊಪ್ಪು ಕತ್ತರಿಸಿ ಹಾಕಿ ಇಡುತ್ತಿದ್ದರು. ಅಳಿಯ ಬಂದು ಮುಚ್ಚಳ ತೆಗೆದು, "ಇವತ್ತೂ ಇದೇನಾ? ನಾನೇನು ಕುದುರೆನಾ?" ಅನ್ನುತ್ತಿದ್ದ. "ಕುದುರೆ ಆಗಿದ್ರೆ ಇಷ್ಟು ಮಾತಾಡ್ತಿರಲಿಲ್ಲ, ತಿನ್ನು" ಅನ್ನುತ್ತಿದ್ದರು ಅವರು. ಗೊಣಗುತ್ತಲೇ ಎರಡು ಸಲ ಹಾಕಿಸಿಕೊಂಡು ತಿನ್ನುತ್ತಿದ್ದ. ಬೆಳಿಗ್ಗೆ ಹೊರಡುವಾಗ ಒಂದು ಬೇಯಿಸಿದ ಮೊಟ್ಟೆಯನ್ನು ಅವನ ಜೇಬಿಗೆ ತುರುಕುತ್ತಿದ್ದರು. ಅದನ್ನೂ ಬೈದುಕೊಂಡೇ ದಾರಿಯಲ್ಲಿ ಮುಗಿಸುತ್ತಿದ್ದ. ಅವರು ಹೋದ ಮೇಲೆ ನೆನೆಹಾಕಲು ಯಾರಿಗೂ ಪುರಸೊತ್ತಿರಲಿಲ್ಲ. ಪಾತ್ರೆ ಕಪಾಟಿನ ಮೇಲೆ ಹೋಯಿತು. ಯಾರೂ ಅದನ್ನು ತೀರ್ಮಾನ ಮಾಡಿ ನಿಲ್ಲಿಸಿದ್ದಲ್ಲ, ಸುಮ್ಮನೆ ನಿಂತುಹೋಯಿತು.

ಬೆಂಚಿನ ಮೇಲೆ ಕೂತ ಕಂಬಣ್ಣ ತನ್ನ ತೋಳನ್ನೇ ನೋಡಿಕೊಂಡ. ತನ್ನದು ಹುಟ್ಟುಕಸುವು ಅಂತ ಶೆಡ್ಡಿನಲ್ಲಿ ಎಷ್ಟು ಸಲ ಕೊಚ್ಚಿಕೊಂಡಿದ್ದ! ಅಷ್ಟು ವರ್ಷ ಆ ಮುದುಕಿ ಕಾಳು ಬೇಯಿಸಿ ಬೇಯಿಸಿ ತನ್ನನ್ನು ನಿಲ್ಲಿಸಿದ್ದರು. ಒಂದು ಸಲ, ಒಂದೇ ಒಂದು ಸಲ, 'ಚೆನ್ನಾಗಿದೆ ಅತ್ತೆ' ಅಂದಿದ್ದರೆ ಅವನ ಗಂಟು ಏನು ಹೋಗುತ್ತಿತ್ತು? ಬಸ್ಸು ಬಂತು. ಹೆಂಡತಿಗೆ ಕಾಣದ ಹಾಗೆ ಮುಖ ಒರೆಸಿಕೊಂಡು ಹತ್ತಿದ.

ಹಟ ಹಿಡಿದರೆ ಕಂಬಣ್ಣ ಅರ್ಧಂಬರ್ಧ ಹಿಡಿಯುವವನಲ್ಲ. ಕಾಳು ತಾನೇ, ಅದಕ್ಕೆ ಅಂಗಡಿಗೆ ಯಾಕೆ ಹೋಗಬೇಕು ಅಂದುಕೊಂಡ. ಮನೆ ಖಾಲಿ ಮಾಡುವವರ ಅಡುಗೆಮನೆಯಲ್ಲಿ ಕೊನೆಗೆ ಉಳಿಯುವುದೇ ಅದು. ಬಾಯಿ ಬಿಚ್ಚಿದ ಅರ್ಧ ಅರ್ಧ ಪೊಟ್ಟಣಗಳು. ಕಟ್ಟಿದರೆ ಚೆಲ್ಲುತ್ತವೆ, ಬಿಸಾಡಲು ಮನಸ್ಸು ಬರುವುದಿಲ್ಲ, ಹಾಗಾಗಿ 'ನೀವೇ ತಗೊಂಡು ಹೋಗಿ' ಅಂತ ಸಾಗಿಸುವವರ ಕೈಗೆ ಕೊಡುತ್ತಾರೆ. ಅವುಗಳಲ್ಲಿ ಬಿಸ್ಕತ್ತು, ಸಿಹಿತಿಂಡಿಗೆ ಲಾರಿಯವರು ಕಿತ್ತಾಡುತ್ತಾರೆ, ಕಾಳಿನ ಕಡೆ ತಿರುಗಿಯೂ ನೋಡುವುದಿಲ್ಲ. ಈಗ ಕಂಬಣ್ಣ ಕೈಚಾಚತೊಡಗಿದ. ಒಂದು ಮನೆಯ ಕಡಲೆಕಾಳು, ಇನ್ನೊಂದು ಮನೆಯ ಹೆಸರುಕಾಳು, ಮತ್ತೊಂದು ಮನೆಯ ಬಟಾಣಿ, ಮಗದೊಂದು ಮನೆಯ ದಪ್ಪ ಕೆಂಪು ಬೀನ್ಸ್ ಕಾಳು. ಹುಳ ಇದೆಯಾ ಅಂತ ನೋಡಿಕೊಂಡು ಎಲ್ಲವನ್ನೂ ಒಂದೇ ಡಬ್ಬಕ್ಕೆ ಸುರಿದ. ಅದರಿಂದ ಒಂದು ದೊಡ್ಡ ಲೋಟ ತೆಗೆದು, ಒಂದಿಷ್ಟು ಹೊತ್ತು ನೆನೆಹಾಕಿದ ಶಾಸ್ತ್ರ ಮಾಡಿ, ಒಟ್ಟಿಗೇ ಬೇಯಿಸಿದ. ಹೆಸರುಕಾಳು ಕರಗಿ ಗಂಜಿಯಾಗಿತ್ತು, ಕಡಲೆ ಕಲ್ಲಾಗಿತ್ತು, ಕೆಂಪು ಕಾಳು ಹೊರಗೆ ಮೆತ್ತಗೆ, ಒಳಗೆ ಹಸಿ. ಗಂಡಸು ಮಾಡಿದ ಅಡುಗೆ, ಬಿಸಾಡಲು ಅಭಿಮಾನ ಅಡ್ಡ ಬಂತು. ಬೆಳಿಗ್ಗೆ ಎಲ್ಲವನ್ನೂ ಜಗಿದು ನುಂಗಿ ಕೆಲಸಕ್ಕೆ ಹೋದ.

ಅರೆಬೆಂದ ಕೆಂಪು ಕಾಳು ಎಂಥ ಕೆಟ್ಟದು ಅನ್ನುವುದು ಅವನಿಗೆ ಸೋಫಾ ಹಿಡಿದು ಮೆಟ್ಟಿಲ ನಡುವೆ ನಿಂತಾಗ ಗೊತ್ತಾಯಿತು. ಹೊಟ್ಟೆಯೊಳಗೆ ಮಂಚ ಎಳೆದಾಡಿದಂತಾಯಿತು. ಸೋಫಾ ಅಲ್ಲೇ ಇಳಿಸಿ ಮೇಲಕ್ಕೆ ಓಡಿದರೆ, ಅದೇ ಕೊನೆಯ ಸಾಮಾನಾದ್ದರಿಂದ ಮನೆಯವರು ಬಚ್ಚಲು ಕಕ್ಕಸು ತೊಳೆದು ಮನೆಗೆ ಬೀಗ ಹಾಕಿ ಕೀಲಿಯನ್ನು ಹೊಸ ಬಾಡಿಗೆದಾರರಿಗೆ ಕಳಿಸಿಬಿಟ್ಟಿದ್ದರು. ಕಂಬಣ್ಣ ಪಕ್ಕದ ಮನೆಯ ಬಾಗಿಲು ತಟ್ಟಿ, ವಿಷಯ ವಿವರಿಸುವಷ್ಟೂ ವ್ಯವಧಾನವಿಲ್ಲದೆ ಒಳಗೆ ನುಗ್ಗಿದ. ಲಾರಿಯವರಿಗೆ ನಗಲು ವಾರಕ್ಕಾಗುವಷ್ಟು ಸಿಕ್ಕಿತು. ಅವತ್ತಿನಿಂದ ಅವನು ಕಾಳಿನ ಪೊಟ್ಟಣ ಎತ್ತಿಕೊಂಡರೆ ಬಾಮೈದ ಪಾರಿವಾಳದ ಹಾಗೆ ಗುಟುರು ಹಾಕುತ್ತಿದ್ದ.

ಸಂಜೆ ಡಬ್ಬ ತೆರೆದು ನೋಡಿದ ಹೆಂಡತಿ ಹಣೆ ಚಚ್ಚಿಕೊಂಡಳು. "ನಾಕು ಮನೆ ಕಾಳು ಒಂದೇ ಹೊತ್ತಿಗೆ ಬೇಯುತ್ತೇನ್ರೀ? ಒಂದೊಂದಕ್ಕೂ ಒಂದೊಂದು ಹೊತ್ತು. ಆ ಕೆಂಪು ಕಾಳನ್ನಂತೂ ರಾತ್ರಿಯೆಲ್ಲ ನೆನೆಸಿ, ಆ ನೀರು ಚೆಲ್ಲಿ, ಚೆನ್ನಾಗಿ ಕುದಿಸಿ ಮೆತ್ತಗೆ ಮಾಡಬೇಕು. ಅಮ್ಮ ಮಾಡ್ತಿದ್ದಾಗ ಕಣ್ಣು ಎಲ್ಲಿತ್ತು?" ಇಬ್ಬರೂ ನೆಲದ ಮೇಲೆ ಹಳೇ ಹಾಸಿಗೆ ಬಟ್ಟೆ ಹರವಿ, ಡಬ್ಬ ಸುರಿದು, ಕಾಳು ಬೇರೆ ಬೇರೆ ಮಾಡಲು ಕೂತರು. ಬೀರು ಎತ್ತುವ ಆ ಬೆರಳಿಗೆ ಹೆಸರುಕಾಳು ಸಿಕ್ಕುತ್ತಿರಲಿಲ್ಲ. ಬೈಗುಳ ತಿನ್ನುತ್ತಲೇ ಆರಿಸಿದ. ಆಮೇಲೆ ಹೆಂಡತಿ ಸ್ಟೂಲು ಹತ್ತಿ ಅಮ್ಮನ ಪಾತ್ರೆ ಇಳಿಸಿದಳು.

ಅಲ್ಲಿಂದ ಮುಂದೆ ಮನೆಯ ದಿನಚರಿ ಬದಲಾಯಿತು. ಮಲಗುವ ಮುಂಚೆ ನೆನೆಹಾಕುವುದು ಕಂಬಣ್ಣನ ಪಾಲು, ಬೇಯಿಸುವುದು ಯಾರು ಮೊದಲು ಏಳುತ್ತಾರೋ ಅವರ ಪಾಲು. ಬೆಳಿಗ್ಗೆ ಬ್ರೆಡ್ಡು, ಮೊಟ್ಟೆ, ಒಂದು ಲೋಟ ಹಾಲು. ಮಧ್ಯಾಹ್ನಕ್ಕೆ ಡಬ್ಬಿಯಲ್ಲಿ ಬೆಂದ ಕಾಳು, ಈರುಳ್ಳಿ ಹೆಚ್ಚಿ, ನಿಂಬೆ ಹಿಂಡಿದ್ದು. ಜೇಬಲ್ಲಿ ಕಡಲೆಕಾಯಿ. ಸಂಜೆ ಅನ್ನದ ಗುಡ್ಡ ಒಂದು ದಿಬ್ಬದ ಮಟ್ಟಕ್ಕೆ ಇಳಿಯಿತು, ಅದರ ಪಕ್ಕ ಬೇಳೆ, ಸೊಪ್ಪು, ಮೊಸರು ಬಂದವು. ತಿಂದು ಹೊತ್ತರೆ ಬೆನ್ನು ಬಗ್ಗುವುದಿಲ್ಲ ಅನ್ನುವ ಭಯ ಮಾತ್ರ ಬೇಗ ಹೋಗಲಿಲ್ಲ. ಮೊದಲ ಸಲ ಡಬ್ಬಿ ಮುಗಿಸಿ ಫ್ರಿಜ್ಜಿಗೆ ಕೈ ಹಾಕುವಾಗ ದೇವರನ್ನು ನೆನೆದೇ ಬಗ್ಗಿದ. ಸ್ವಲ್ಪ ಹೊತ್ತು ಬಿಟ್ಟು ಹೊತ್ತರೆ ಬೆನ್ನು ಎಂದಿನಂತೆಯೇ ಬಗ್ಗುತ್ತದೆ ಎಂದು ಗೊತ್ತಾಯಿತು. ಅಷ್ಟು ಕಾಲ ಇಡೀ ಲಾರಿ ಸುಮ್ಮಸುಮ್ಮನೆ ಉಪವಾಸವಿತ್ತು!

ಪವಾಡವೇನೂ ನಡೆಯಲಿಲ್ಲ. ಮೊದಮೊದಲು ಏನೂ ಆಗಲಿಲ್ಲ, ಕಂಬಣ್ಣ ರೇಗಿ ಎರಡು ಸಲ ಡಬ್ಬಿ ಬಿಟ್ಟು ಹೋದ, ಹೆಂಡತಿ ಎರಡು ಸಲವೂ ಶೆಡ್ಡಿಗೇ ತಂದುಕೊಟ್ಟಳು. ಆಮೇಲೆ ಯಾವಾಗಲೋ ಗಾಯದ ಅಂಚು ಕೂಡತೊಡಗಿತು. ಮಳೆ ನಿಲ್ಲುವ ಹೊತ್ತಿಗೆ ಅಲ್ಲಿ ನುಣ್ಣನೆಯ ಚರ್ಮ ಬಂದಿತ್ತು. ತಿರುವಿನಲ್ಲಿ ನಿಂತು ಬಾಗಿಲು ಅಳೆಯುವುದು ತಾನಾಗಿ ಕಡಿಮೆಯಾಯಿತು.

ವಕೀಲರ ಆಫೀಸು ಖಾಲಿ ಮಾಡುವ ದಿನ ಬಂತು. ಯಜಮಾನ ಹೇಳಿದಂತೆಯೇ ಬೇರೆ ಲಾರಿಯ ಗಟ್ಟಿ ಆಳು ಬಂದು, ತೋಳು ಮಡಚಿಕೊಂಡು, ಮೆಟ್ಟಿಲ ಬುಡದಲ್ಲಿ ನಿಂತಿದ್ದ. "ಮೊದಲ ಬೀರು ನಾನು ಇಳಿಸ್ತೀನಿ" ಅಂದ ಕಂಬಣ್ಣ. "ತಿರುವಲ್ಲಿ ನಿಂತರೆ ನಾನೇ ಹೋಗಿ ಪಿಂಗಾಣಿ ಸುತ್ತೋಕೆ ಕೂರ್ತೀನಿ." ಯಜಮಾನ ಬಾಮೈದನ ಮುಖ ನೋಡಿದ. ಬಾಮೈದ ಆಗಲೇ ಬೀರಿನ ಅಡಿಗೆ ಪಟ್ಟಿ ಹಾಯಿಸುತ್ತಿದ್ದ. ಭಾರದ ಸಾಮಾನಿನ ಕೆಳಗಿಂದ ಹಾಯಿಸಿ ಮೇಲಿನವನು ಹಿಡಿದುಕೊಳ್ಳುವ ಅಗಲವಾದ ಬಟ್ಟೆಯ ಪಟ್ಟಿ ಅದು.

ಕಬ್ಬಿಣದ ಬೀರು ಕಂಬಣ್ಣನ ಎದೆಗೆ ಬಂದು ಕೂತಿತು. ಒಂದು ಮೆಟ್ಟಿಲು, ಇನ್ನೊಂದು. ಮೊದಲ ತಿರುವಿನಲ್ಲಿ ಕಂಬಿಗೆ ಬೆನ್ನು ತಾಗಿಸಿ ಬೀರನ್ನು ಓರೆಮಾಡಿದ, ನಿಲ್ಲಲಿಲ್ಲ. ಎರಡನೇ ತಿರುವಿನಲ್ಲಿ ಬೆವರು ಕಣ್ಣಿಗಿಳಿಯಿತು, ತೊಡೆ ನಡುಗಿತು, ಬೆರಳು ಮಾತ್ರ ಬಿಡಲಿಲ್ಲ. ಮೇಲಿಂದ ಬಾಮೈದನ 'ಎಡಕ್ಕೆ, ಎಡಕ್ಕೆ' ಕೂಡ ಕೇಳಿಸಲಿಲ್ಲ, ಅವನು ಉಸಿರೇ ಬಿಟ್ಟಂತಿರಲಿಲ್ಲ. ಲಾರಿಯ ಹಲಗೆಯ ಮೇಲೆ ಬೀರು ಕೂತಾಗ ಯಜಮಾನ ಬೇರೆ ಲಾರಿಯವನಿಗೆ ಹೇಳಿದ: "ನೀನು ಹೋಗಿ ಬೇರೆ ಸಾಮಾನು ಹಿಡಿ. ಇವನು ಕೆಳಗೇ ಇರಲಿ."

ಎಲ್ಲ ಮುಗಿದ ಮೇಲೆ ಭಾವ ಬಾಮೈದ ಇಬ್ಬರೂ ಲಾರಿಯ ಹಿಂಬದಿಯಲ್ಲಿ ಕಾಲು ಇಳಿಬಿಟ್ಟು ಕೂತರು. ಕಂಬಣ್ಣ ಡಬ್ಬಿ ಬಿಚ್ಚಿದ. ಬಾಮೈದ ಬನ್ನನ್ನು ಟೀಯಲ್ಲಿ ಅದ್ದುತ್ತಾ ನಗುತ್ತಿದ್ದ.

"ಭಾವ, ಇವತ್ತು ಪಟ್ಟಿ ನನ್ನನ್ನ ಎಳೀಲೇ ಇಲ್ಲ."

"ಎಳೀಲಿಲ್ಲ ಅಂದ್ರೆ? ಯಾವತ್ತು ಎಳೀತಿತ್ತು?"

ಬಾಮೈದನ ನಗು ನಿಂತಿತು. ಬಾಯಿ ತಪ್ಪಿ ಬಂದ ಮಾತು. ಸುಮ್ಮನಿದ್ದು ಅಭ್ಯಾಸವಿಲ್ಲದವನು, ಎಷ್ಟು ಹೊತ್ತು ಸುಮ್ಮನಿದ್ದಾನು? "ವರ್ಷದಿಂದ ಎಳೀತಿತ್ತು ಭಾವ. ನಿಮ್ಮ ಕೈ ಸಡಿಲ ಆಗೋದು ಮೇಲಿದ್ದವನಿಗೆ ಗೊತ್ತಾಗಲ್ವಾ? ಪಟ್ಟೀನ ಹೆಗಲಿಗೆ ಸುತ್ಕೊಂಡು ಹಿಂದಕ್ಕೆ ಜಗ್ಗಿ ಇಳೀತಿದ್ದೆ. ಯಜಮಾನ್ರು ನಿಮ್ಮನ್ನ ಕರೆದ ದಿನ ಅಕ್ಕನಿಗೆ ಹೇಳಿದೆ. ಅವರ ಮುಂದೆ ಬಾಯಿ ಬಿಟ್ಟೀಯಾ ಜೋಕೆ ಅಂದಳು."

ಕಂಬಣ್ಣ ಅವನ ಅಂಗಿಯ ಕೊರಳುಪಟ್ಟಿ ಹಿಡಿದು ಪಕ್ಕಕ್ಕೆ ಎಳೆದ. ಹೆಗಲ ಮೇಲೆ ಅಂಗೈ ಅಗಲದ ಕಪ್ಪು ಬರೆ, ನಡುವೆ ಸುಲಿದು ಇನ್ನೂ ಹಸಿಯಾಗಿತ್ತು. ಅದರ ಕೆಳಗೆ ಮೂಳೆ ಎದ್ದು ಕಾಣುತ್ತಿತ್ತು. ಅವನ ಕೈಯಲ್ಲಿ ಬನ್ನು. ಬೆಳಿಗ್ಗೆಯೂ ಬನ್ನು, ಕೋಣೆಗೆ ಹೋದ ಮೇಲೆ ಅಂಗಡಿಯ ಅನ್ನ. ಇಷ್ಟು ದಿನ ಇದೇ ಹಲಗೆಯ ಮೇಲೆ, ಇದೇ ಮೈಗೆ ಮೈ ತಾಗಿಸಿ ಕೂತು, ತಾನು ಡಬ್ಬಿ ಬಿಚ್ಚಿ ಒಬ್ಬನೇ ತಿಂದಿದ್ದ. ಔಷಧಿಯ ಹಾಗೆ, ನನಗೆ ಬರೆದುಕೊಟ್ಟದ್ದು ಅನ್ನುವ ಹಾಗೆ. ಒಂದು ತುತ್ತು ಬೇಕೇನೋ ಅಂತಲೂ ಕೇಳಿರಲಿಲ್ಲ. ಕಂಬಣ್ಣನಿಗೆ ತನ್ನ ಮೇಲೆ ಅಸಹ್ಯವಾಯಿತು.

ಡಬ್ಬಿಯನ್ನು ಬಾಮೈದನ ತೊಡೆಯ ಮೇಲೆ ಇಟ್ಟ.

"ಬೇಡ ಭಾವ, ನಿಮ್ಮದು ಅದು. ಸಂಜೆ ಇನ್ನೊಂದು ಮನೆ ಹೊರೋದಿದೆ, ತಿಂದು ಹೊರೋಕೆ ನನಗಾಗಲ್ಲ. ಅಲ್ಲದೆ ನಾನು ಬರೀ ಮೇಲಿನವನು."

"ಮುಚ್ಕೊಂಡು ತಿನ್ನೋ" ಎಂದು ಕಂಬಣ್ಣ ಅವನ ಕೈಯಿಂದ ಬನ್ನು ಕಿತ್ತುಕೊಂಡ. "ನಾಳೆಯಿಂದ ಎರಡು ಡಬ್ಬಿ. ಮೇಲಿರೋನು ಬಿದ್ರೆ ಬೀಳೋದು ನನ್ನ ಮೇಲೆ ತಾನೇ?"